ಧಾಮಣದ ಕೋಲಿನ ಜೊತೆ ಮಿಷಿಗನ್ನಿಗೆ

ಸೊಲ್ಲಾಪುರ

ಅಮೆರಿಕಕ್ಕೆ ಹೋಗಿ ಬಂದವರೆಲ್ಲ ಅಲ್ಲಿಯ ಕಟ್ಟಡಗಳ ಎತ್ತರ ಹೇಳುತ್ತಾರೆ. ನಾನು ಹೆಚ್ಚಾಗಿ ನೋಡಿದ್ದು ನೆಲದ ಕೆಳಗಿನ ಒಂದು ಕೋಣೆಯನ್ನು. ಅದಕ್ಕೇ ನನ್ನ ಪ್ರವಾಸದ ಸುದ್ದಿ ಕೇಳಲು ಬಂದ ನೆಂಟರು ಚಹಾ ಕುಡಿದು ಬೇಗನೆ ಎದ್ದರು. ಓದುವವರಾದರೂ ಸ್ವಲ್ಪ ಹೊತ್ತು ಕೂತಾರು ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ನಾನು ಕನ್ನಡ ಶಾಲೆಯಲ್ಲಿ ಕಲಿತವಳು. ನನ್ನ ಮಕ್ಕಳು ಓದುವುದು ಮರಾಠಿ. ಆದ್ದರಿಂದ ಅವರ ಬಗ್ಗೆ ಏನು ಬರೆದರೂ ನನಗೆ ಭಯವಿಲ್ಲ.

ಸೊಲ್ಲಾಪುರದಲ್ಲಿ ನಮ್ಮ ಮಾವನವರದು ಮಗ್ಗದ ಸಾಮಾನಿನ ಅಂಗಡಿ. ಗಲ್ಲೆಯ ಮುಂದೆ ಕೂತು ಗಿರಾಕಿಗೆ ಹಲ್ಲು ಕಿರಿಯುವುದು ನಮ್ಮವರ ಜಾಯಮಾನಕ್ಕೆ ಒಗ್ಗಲಿಲ್ಲ. (ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಕಾಗದದ ಮೇಲೂ ನನಗೆ ಕೈ ಬರುವುದಿಲ್ಲ, ನಮ್ಮವರು ಎಂದೇ ಬರೆಯುತ್ತೇನೆ.) ಅವರು ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರಖಾನೆಗಳ ಬಡಾವಣೆಯಲ್ಲಿ ಒಂದು ಶೆಡ್ಡು ಹಿಡಿದು, ಲೇಥು ಹಾಕಿ, ಮಗ್ಗಗಳಿಗೆ ನೂಲು ಸುತ್ತುವ ಕಟ್ಟಿಗೆಯ ಬಾಬಿನ್ನು ತಿರುವತೊಡಗಿದರು. ಮೈತುಂಬ ಕಟ್ಟಿಗೆಯ ಪುಡಿ ಮೆತ್ತಿಕೊಂಡು ಮನೆಗೆ ಬರುವ ವ್ಯಾಪಾರಸ್ಥನನ್ನು ನಮ್ಮ ಮನೆತನ ಅದೇ ಮೊದಲು ಕಂಡಿತು.

ಊರಿನ ಹಳೆಯ ಕ್ಲಬ್ಬೊಂದರಲ್ಲಿ ಬಿಲಿಯರ್ಡ್ಸ್ ಮೇಜು ಇತ್ತು. ಅದರ ಚೆಂಡು ಹೊಡೆಯುವ ಕೋಲು ಮುರಿದಾಗ ಯಾರೋ ಅದನ್ನು ನಮ್ಮವರ ಹತ್ತಿರ ರಿಪೇರಿಗೆ ತಂದರು. ಅಂದಿನಿಂದ ಕೋಲಿನ ಹುಚ್ಚು ಅವರ ತಲೆಗೇರಿತು. ಆಡಿದ್ದು ಕಡಿಮೆ, ಕೋಲು ಮಾಡಿದ್ದೇ ಹೆಚ್ಚು. ಈ ಕೋಲಿಗೆ ಎರಡು ಭಾಗ, ಕೈಯಲ್ಲಿ ಹಿಡಿಯುವ ದಪ್ಪ ಹಿಂಭಾಗ ಮತ್ತು ಚೆಂಡಿಗೆ ತಾಗುವ ಸಪೂರ ಮುಂಭಾಗ. ಆಟದ ಮಾನವೆಲ್ಲ ಮುಂಭಾಗ ನೆಟ್ಟಗಿರುವುದರ ಮೇಲೆ ನಿಂತಿದೆ. ಸೊಲ್ಲಾಪುರದ ಬೇಸಿಗೆಯಲ್ಲಿ ನೆಟ್ಟಗೆ ನಿಲ್ಲುವುದು ಮನುಷ್ಯರಿಗೇ ಕಷ್ಟ, ಕಟ್ಟಿಗೆಗೆ ಎಲ್ಲಿಂದ ಸಾಧ್ಯ? ಅಕ್ಕಲಕೋಟದ ಸಂತೆಗೆ ಹೋಗಿ ಗಾಡಿ ಮಾಡುವ ಬಡಿಗರಿಂದ ಧಾಮಣ ಮರದ ಕಟ್ಟಿಗೆ ತರುತ್ತಿದ್ದರು. ಬಳುಕುತ್ತದೆ, ಮುರಿಯುವುದಿಲ್ಲ, ಒಳ್ಳೆಯ ಜಾತಿ. ಅದೂ ಚೈತ್ರ ಮುಗಿಯುವ ಮೊದಲೇ ಡೊಂಕಾಗುತ್ತಿತ್ತು.

ತಿರುವಿದ ಕೋಲನ್ನು ಮನೆಗೆ ತಂದು ಪಡಸಾಲೆಯ ಶಹಾಬಾದ ಕಲ್ಲಿನ ಫರಶಿಯ ಮೇಲೆ ಉರುಳಿಸುವುದು ಅವರ ಪರೀಕ್ಷೆ. ನೆಟ್ಟಗಿದ್ದರೆ ಅದು ಸದ್ದಿಲ್ಲದೆ ಉರುಳುತ್ತದೆ. ಬಗ್ಗಿದ್ದರೆ ಸುತ್ತಿಗೊಮ್ಮೆ ಟಕ್ ಎನ್ನುತ್ತದೆ. ಮಧ್ಯಾಹ್ನ ಓಣಿಯೆಲ್ಲ ಮಲಗಿರುವಾಗ ನಮ್ಮ ಮನೆಯಲ್ಲಿ ಟಕ್ ಟಕ್. ಪಕ್ಕದ ಮನೆಯ ಗಂಗಕ್ಕ ಗೋಡೆಯಾಚೆಯಿಂದ ತಪ್ಪದೆ ಕೇಳುವಳು, “ಏನ್ ಸಪ್ಪಳಾರಿ ಅದು?”

ನಾನು ಹಿಟ್ಟಿನ ಕೈಯಲ್ಲೇ ಕೂಗಿ ಹೇಳುವೆ, “ನಮ್ಮನಿಯವ್ರು ಕಟಗಿ ನೋಡಾಕತ್ತಾರ್ರಿ.”

ಕೊನೆಯ ಕೋಲು ಮಾತ್ರ ಸದ್ದು ಮಾಡಲಿಲ್ಲ. ಅವರು ಅದನ್ನು ಮತ್ತೆ ಮತ್ತೆ ಉರುಳಿಸಿದರು, ನನ್ನನ್ನು ಕರೆದು ಕೂರಿಸಿಕೊಂಡು ಉರುಳಿಸಿದರು. ಉಸುಕಿನ ಕಾಗದ ಹಾಕಿ ನುಣುಪು ಮಾಡುವ ಕೆಲಸ ಬಾಕಿ ಇತ್ತು. ಅಷ್ಟರಲ್ಲಿ ಅವರ ಹಳೆಯ ಕೆಮ್ಮು ಜ್ವರಕ್ಕೆ ತಿರುಗಿತು. ಕಟ್ಟಿಗೆಯ ಪುಡಿ ಎದೆಯಲ್ಲಿ ಕೂತಿದೆ ಎಂದರು ಡಾಕ್ಟರರು. ಸಂಕ್ರಮಣಕ್ಕೆ ಎಳ್ಳು ಹಚ್ಚಿದ ರೊಟ್ಟಿ ತಿಂದವರು ಶಿವರಾತ್ರಿಗೆ ಇರಲಿಲ್ಲ.

ಕೋಲನ್ನು ನಾನು ದೇವರ ಕೋಣೆಯ ಗೂಟಕ್ಕೆ ಹಾಕಿದೆ. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ತೆಗೆದು ಉರುಳಿಸಿದೆ. ಸಣ್ಣಗೆ ಟಕ್ ಎಂದಿತು. ಗಂಗಕ್ಕನಿಗೆ ಕೇಳುವಷ್ಟು ಅಲ್ಲ, ನನಗೆ ಕೇಳುವಷ್ಟು. ಅವರು ನೆಟ್ಟಗೆ ಬಿಟ್ಟು ಹೋದ ಒಂದೇ ಒಂದು ವಸ್ತು ನನ್ನ ಕಣ್ಣ ಮುಂದೆ ಡೊಂಕಾಗುತ್ತಿತ್ತು. ಅಂದು ನಾನು ಅತ್ತಷ್ಟು ಅವರು ಹೋದ ದಿನವೂ ಅತ್ತಿರಲಿಲ್ಲ.

ಆಗ ನೆನಪಾದವನು ಪೀಟರ್. ಹಿಂದೊಮ್ಮೆ ಅಮೆರಿಕದಿಂದ ಸೇವೆ ಮಾಡಲು ಬಂದು, ಅಕ್ಕಲಕೋಟ ತಾಲೂಕಿನ ಕುರನೂರದಲ್ಲಿ ಕೋಳಿ ಸಾಕುವುದನ್ನು ಕಲಿಸಿದ ಹುಡುಗ. ಕುರಿ ಕಾಯುವ ಒಂದು ಮನೆಯಲ್ಲಿ ಇದ್ದು ಅವರ ಕನ್ನಡವನ್ನೇ ಕಲಿತ. ವಾರಕ್ಕೊಮ್ಮೆ ಅಕ್ಕಲಕೋಟದ ಬಸ್ಸು ಹಿಡಿದು ಸೊಲ್ಲಾಪುರಕ್ಕೆ ಬಂದವನು ನಮ್ಮ ಮನೆಯಲ್ಲೇ ಉಣ್ಣುತ್ತಿದ್ದ, ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ. ನಮ್ಮವರ ಕೋಲು ನೋಡಿ ಅವನಿಗೆ ಪರಮಾಶ್ಚರ್ಯ, ಯಾಕೆಂದರೆ ಅವನ ಅಪ್ಪನ ಕಸುಬೂ ಅದೇ. ಅಲ್ಲಿ ಕಟ್ಟಿಗೆ ಡೊಂಕಾಗದಂತೆ ಅದಕ್ಕೆ ಒಂದು ಔಷಧ ಕುಡಿಸುತ್ತಾರೆ ಎಂದು ಅವನೇ ಹೇಳಿದ್ದು. ಅಂದಿನಿಂದ ಅದನ್ನು ಒಮ್ಮೆ ನೋಡಬೇಕೆಂಬುದು ನಮ್ಮವರ ಆಸೆಯಾಗಿತ್ತು. ಅವರು ಹೋದದ್ದನ್ನೂ ಕೋಲು ಡೊಂಕಾಗುತ್ತಿರುವುದನ್ನೂ ಕಾಗದ ಬರೆದು ತಿಳಿಸಿದೆ. ಪೀಟರ್, ನೀವಾದರೂ ಬರ್ರಿ ಮಾವಶಿ, ಆ ಕೋಲು ತಗೊಂಡು ಬರ್ರಿ ಎಂದು ಟಿಕೀಟು ಕಳಿಸಿದ. ಮಕ್ಕಳಿಬ್ಬರೂ ಬೇಡವೆಂದರು. ಒಂದು ಕಟ್ಟಿಗೆಗೋಸ್ಕರ ಸಮುದ್ರ ದಾಟುವವರುಂಟೇ ಎಂದು ಹಿರಿಯವನು ಕೇಳಿದ. ನಾನು ಚೀಲ ತುಂಬಿದೆ. ಅದು ತುರ್ತು ಪರಿಸ್ಥಿತಿ ಮುಗಿದ ಮರುವರ್ಷ.

ವಿಮಾನ ಇಳಿದ ಊರು

ಅಲ್ಲಿಯ ಸುಂಕದವರು ನನ್ನ ಕೋಲನ್ನು ಎರಡೂ ತುದಿಯಿಂದ ಕಣ್ಣಿಟ್ಟು ನೋಡಿದರು. ಒಳಗೆ ಏನಾದರೂ ತುಂಬಿದ್ದೀಯಾ ಎಂದು ಕೇಳಿದರಂತೆ. ನನಗೆ ತಿಳಿಯಲಿಲ್ಲ, ಆಮೇಲೆ ಪೀಟರ್ ಹೇಳಿದ. ಆದರೆ ನಿಜವಾದ ತಕರಾರು ಎದ್ದದ್ದು ಭಂಡಾರದ ಪೊಟ್ಟಣದಿಂದ. ಮೈಲಾರ ನಮ್ಮ ಮನೆದೇವರು. ಅವನ ಅರಿಶಿನದ ಪುಡಿ ಇಲ್ಲದೆ ನಾವು ಹಿತ್ತಲಿಗೂ ಹೋಗುವವರಲ್ಲ. ಗಂಡ ಸತ್ತವಳಿಗೆ ಅರಿಶಿನ ಕುಂಕುಮದ ತಟ್ಟೆ ಯಾರೂ ಹಿಡಿಯುವುದಿಲ್ಲ, ಆದರೆ ಮೈಲಾರನ ಭಂಡಾರ ಎಲ್ಲರದು, ಅದನ್ನು ಯಾರೂ ನನ್ನಿಂದ ಕಿತ್ತುಕೊಂಡಿಲ್ಲ. ಹಳದಿ ಪುಡಿ ನೋಡಿ ಆ ಸುಂಕದವನ ಮುಖವೂ ಹಳದಿಯಾಯಿತು. ನಾನು ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವನು ಇನ್ನೊಬ್ಬನನ್ನು ಕರೆದ. ನಾನು ಇನ್ನೊಂದು ಚಿಟಿಕೆ ತಿಂದೆ. ಹೀಗೆ ಬಂದವರೆಲ್ಲರ ಮುಂದೆ ತಿಂದಿದ್ದರೆ ದೇವರ ಪ್ರಸಾದ ಅಲ್ಲೇ ಮುಗಿಯುತ್ತಿತ್ತು. ಕೊನೆಗೆ ಒಬ್ಬ ಹೆಂಗಸು ಬಂದು ಮೂಸಿ ನೋಡಿ ಅಡಿಗೆ ಸಾಮಾನು ಎಂದಿರಬೇಕು, ಬಿಟ್ಟರು.

ಹೊರಗೆ ಪೀಟರ್ ನಿಂತಿದ್ದ. ತಲೆ ಬೋಳಾಗಿದೆ, ಗಡ್ಡ ಬಂದಿದೆ. “ಆರಾಮ ಅದಿರೇನ್ರಿ ಮಾವಶಿ?” ಎಂದು ಬಾಗಿ ಕಾಲು ಮುಟ್ಟಿದ. ಸುತ್ತಲಿನವರು ಏನೋ ಬಿದ್ದು ಹೋಗಿದೆ, ಹುಡುಕುತ್ತಿದ್ದಾನೆ ಎಂದು ನೆಲ ನೋಡಿದರು.

ಅವನ ಕನ್ನಡ ಕುರನೂರದಲ್ಲಿ ಬಿಟ್ಟಲ್ಲೇ ನಿಂತಿತ್ತು. ಕೋಳಿಯ ರೋಗಗಳೆಲ್ಲ ಅವನಿಗೆ ಕನ್ನಡದಲ್ಲಿ ಬರುತ್ತವೆ, ಕುರಿಗಳಿಗೆ ಬೈಯುವ ಬೈಗುಳ ಪೂರ್ತಿ ಬರುತ್ತವೆ. ಕಾರು ಓಡಿಸುತ್ತ, ಅಡ್ಡ ಬಂದ ಲಾರಿಯೊಂದಕ್ಕೆ ಅವನು ಅಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಎಮಿಲನ ನೆಲಮಾಳಿಗೆ

ಪೀಟರನ ಅಪ್ಪ ಎಮಿಲ್ ಎತ್ತರದ ಮುದುಕ. ಮಾತು ಕಡಿಮೆ. ನನ್ನನ್ನು ನೋಡಿ ಟೋಪಿ ತೆಗೆದ, ಕೋಲನ್ನು ನೋಡಿ ಕನ್ನಡಕ ಹಾಕಿಕೊಂಡ. ಹೆಂಡತಿ ತೀರಿ ಬಹಳ ವರ್ಷವಾಗಿತ್ತಂತೆ. ಮನೆ ಶುಭ್ರವಾಗಿತ್ತು, ಆದರೆ ಅಡಿಗೆಮನೆಯಲ್ಲಿ ಅಡಿಗೆಯ ವಾಸನೆಯೇ ಇಲ್ಲ. ಡಬ್ಬಿಯಿಂದ ತೆಗೆದು, ಬಿಸಿ ಮಾಡಿ, ತಿಂದು ಮುಗಿಸುತ್ತಾನೆ. ನಾನು ಒಯ್ದ ಜೋಳದ ಹಿಟ್ಟಿನಿಂದ ರೊಟ್ಟಿ ಬಡಿದಾಗ ಆ ಸದ್ದಿಗೆ ಕೆಳಗಿನಿಂದ ಓಡಿ ಬಂದ. ಏನೋ ಕುಸಿಯಿತು ಎಂದುಕೊಂಡಿದ್ದನಂತೆ.

ಸದ್ದಿನ ವಿಷಯದಲ್ಲಿ ಆ ಊರು ವಿಚಿತ್ರ. ಎಮಿಲನ ಲೇಥು ಹಗಲೆಲ್ಲ ಕಿರುಚುತ್ತದೆ. ಆಚೀಚೆ ಎರಡೂ ಕಡೆ ಮನೆಗಳಿವೆ, ಒಳಗೆ ಜನರಿದ್ದಾರೆ. ಏನದು ಸಪ್ಪಳ ಎಂದು ಒಬ್ಬರೂ ಕೇಳುವುದಿಲ್ಲ. ಹಾದಿಯಲ್ಲಿ ಸಿಕ್ಕರೆ ನಗುತ್ತಾರೆ, ಹವೆ ಚೆನ್ನಾಗಿದೆ ಎನ್ನುತ್ತಾರೆ, ಹೋಗುತ್ತಾರೆ. ನೀನು ಯಾರು, ಯಾಕೆ ಬಂದೆ, ಗಂಡ ಏನು ಮಾಡುತ್ತಾನೆ, ಒಂದು ಪ್ರಶ್ನೆ ಇಲ್ಲ. ಮೊದಲ ವಾರ ನನಗೆ ಇದು ಸುಖವೆನಿಸಿತು, ಎರಡನೆಯ ವಾರ ಗಂಗಕ್ಕ ನೆನಪಾದಳು.

ಎಮಿಲನ ಕೆಲಸವೆಲ್ಲ ನೆಲದ ಕೆಳಗೆ. ಮೆಟ್ಟಿಲಿಳಿದರೆ ಬೆಚ್ಚಗಿನ ಕೋಣೆ, ಗೋಡೆ ತುಂಬ ತೂಗುಹಾಕಿದ ಕೋಲುಗಳು. ಅಲ್ಲಿಯ ಮೇಪಲ್ ಮರದ ಕಟ್ಟಿಗೆ ಹಾಲಿನಷ್ಟು ಬಿಳಿ. ಆಟಗಾರರು ಬಿಳಿಯದನ್ನೇ ಕೇಳುತ್ತಾರೆ, ಸ್ವಲ್ಪ ಕಂದಿದರೂ ಮುಟ್ಟುವುದಿಲ್ಲ ಎಂದ ಪೀಟರ್. ಕನ್ಯೆ ನೋಡಲು ಬರುವವರು ನಮ್ಮಲ್ಲೂ ಹಾಗೇ. ಮೂಲೆಯಲ್ಲಿ ಉದ್ದನೆಯ ತೊಟ್ಟಿ. ಅದರೊಳಗೆ ಬೆಚ್ಚಗಿನ ನೀರಿನಲ್ಲಿ ಕರಗಿದ ಮೇಣದಂಥ ರಸಾಯನ. ಅದರ ಹೆಸರು ಪಾಲಿಎಥಿಲೀನ್ ಗ್ಲೈಕಾಲ್. ನನ್ನ ಬಾಯಲ್ಲಿ ಗ್ಲೈಕಾಲ ಅಷ್ಟೇ ಉಳಿಯಿತು. ಬೆರಳದ್ದಿದರೆ ಸಾಬೂನಿನ ನೀರಿನ ಹಾಗೆ ಜಾರುತ್ತದೆ. ಆಗಷ್ಟೇ ಕಡಿದ ಮೇಪಲ್ಲಿನ ಹಸಿ ತುಂಡುಗಳು ಅದರಲ್ಲಿ ಮುಳುಗಿ ಮಲಗಿದ್ದವು.

ಇದು ಹೇಗೆ ಕೆಲಸ ಮಾಡುತ್ತದೆ ಎಂದು ನಾನು ಕೇಳಿದೆ. ಎಮಿಲ್ ಹೇಳಿದ್ದನ್ನು ಪೀಟರ್ ತನ್ನ ಕುರನೂರದ ಕನ್ನಡಕ್ಕೆ ಇಳಿಸಿದ. “ಹಸಿ ಕಟ್ಟಿಗಿ ಹೊಟ್ಟ್ಯಾಗ ನೀರ ಇರತೈತ್ರಿ ಮಾವಶಿ. ಒಣಗಿ ನೀರ ಎದ್ದು ಹ್ವಾದ್ರ ಹೊಟ್ಟಿ ಒಳಗ ಸೇರತೈತಿ, ಕಟ್ಟಿಗಿ ಡೊಂಕ ಆಗತೈತಿ. ಈ ಔಷಧ ಆ ನೀರಿನ ಜಾಗಾದಾಗ ಹೋಗಿ ಕುಂಡರತೈತಿ. ಇದು ಎದ್ದು ಹೋಗೂದಿಲ್ಲ.”

ನಾನು ಬಹಳ ಹೊತ್ತು ಆ ತೊಟ್ಟಿಯನ್ನೇ ನೋಡುತ್ತ ನಿಂತೆ. ಹೋದವರ ಜಾಗದಲ್ಲಿ ಕೂತು, ಉಳಿದದ್ದು ಕುಗ್ಗದ ಹಾಗೆ ಹಿಡಿಯುವಂಥದ್ದು ಲೋಕದಲ್ಲಿ ಏನಾದರೂ ಇದೆ ಎಂದು ಅವರು ಹೋದ ಮೇಲೆ ಅದೇ ಮೊದಲು ಕೇಳಿದ್ದು. ಇದು ಕಟ್ಟಿಗೆಯ ಮಾತು ಎಂದು ನನಗೆ ಗೊತ್ತಿತ್ತು. ಆದರೂ ಎದೆ ತುಂಬಿ ಬಂತು.

ಎಮಿಲ್ ನಮ್ಮ ಕೋಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳ ಉಗುರನ್ನು ಅದರ ಉದ್ದಕ್ಕೆ ಮೆಲ್ಲಗೆ ಎಳೆದ. ಉಸುಕಿನ ಕಾಗದ ಬೀಳದ್ದರಿಂದ ಉಳಿಯ ಗೆರೆಗಳು ಹಾಗೇ ಇದ್ದವು. ಉಗುರು ಅಲ್ಲಲ್ಲಿ ತಡೆಯಿತು. ಇಲ್ಲಿ ಕೈ ನಿಂತಿದೆ, ಇಲ್ಲಿ ಮತ್ತೆ ನಿಂತಿದೆ, ಇಷ್ಟು ಒಳ್ಳೆಯ ಕೆಲಸಗಾರ ನಡುವೆ ಯಾಕೆ ಕೈ ನಿಲ್ಲಿಸಿದ ಎಂದು ಕೇಳಿದ.

ನನಗೆ ಗೊತ್ತಿತ್ತು. “ಕೆಮ್ಮ ಬರತಿತ್ತು,” ಎಂದೆ. “ಕೆಮ್ಮು ಬಂದಾಗ ಉಳಿ ತಗದು ನಿಂದ್ರತಿದ್ರು.”

ಪೀಟರ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಎಮಿಲ್ ಉಗುರು ತೆಗೆದು, ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲೆ ಇಟ್ಟ. ಆಮೇಲೆ ಹೇಳಬೇಕಾದ್ದನ್ನು ಹೇಳಿದ. ಗ್ಲೈಕಾಲ ಹಸಿ ಕಟ್ಟಿಗೆಗೆ ಮಾತ್ರ ಇಳಿಯುತ್ತದೆ. ಇದು ಒಣಗಿ ವರ್ಷಗಳಾಗಿವೆ, ಇದು ಕುಡಿಯುವುದಿಲ್ಲ. ನೆಟ್ಟಗೆ ಮಾಡಲೇಬೇಕೆಂದರೆ ಮತ್ತೆ ಲೇಥಿಗೆ ಹಾಕಿ ಮೇಲಿನ ಪದರ ತಿರುವಿ ತೆಗೆಯಬೇಕು. ಆಗ ಈ ಗೆರೆಗಳು ಹೋಗುತ್ತವೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮಲ್ಲಿ ಮಕ್ಕಳಿಗೆ ಹೇಳುತ್ತೇವೆ. ಇಲ್ಲಿ ಒಣಗಿದ್ದು ಬಗ್ಗುತ್ತಿದೆ, ಅದನ್ನು ಹಿಡಿಯಬೇಕಾದ ಕಾಲ ಮಾತ್ರ ಹಸಿಯಾಗಿದ್ದಾಗಲೇ ಮುಗಿದಿದೆ. ಆದರೆ ಸಮುದ್ರ ದಾಟಿ ಬಂದವಳು ಅಷ್ಟಕ್ಕೆ ಒಪ್ಪುತ್ತಾಳೆಯೇ? ಲೇಥು ಬೇಡ, ತೊಟ್ಟಿಯಲ್ಲಿ ಒಮ್ಮೆ ಹಾಕಿ ನೋಡಿ ಎಂದು ಹಟ ಹಿಡಿದೆ. ಒಂದಿಷ್ಟಾದರೂ ಇಳಿದೀತು, ಸ್ವಲ್ಪವಾದರೂ ಹಿಡಿದೀತು. ಎಮಿಲ್ ನನ್ನ ಮುಖ ನೋಡಿದ, ವಾದ ಮಾಡಲಿಲ್ಲ. ತನ್ನ ಮೇಪಲ್ ತುಂಡುಗಳ ನಡುವೆ ಜಾಗ ಮಾಡಿ ನಮ್ಮ ಧಾಮಣದ ಕೋಲನ್ನು ಮುಳುಗಿಸಿ, ಭಾರ ಇಟ್ಟ.

ಹಳದಿ

ಅಂದು ಸಂಜೆ ಅಪ್ಪ ಮಗ ಮೇಲೆ ಹೋದಾಗ ನಾನು ಒಬ್ಬಳೇ ತೊಟ್ಟಿಯ ಹತ್ತಿರ ಉಳಿದೆ. ನಮ್ಮ ಶೆಡ್ಡಿನಲ್ಲಿ ಹೊಸ ಕಟ್ಟಿಗೆ ಲೇಥಿಗೆ ಏರುವ ಮೊದಲು ನಮ್ಮವರು ಅದಕ್ಕೆ ಭಂಡಾರ ಮುಟ್ಟಿಸುತ್ತಿದ್ದರು. ಇಷ್ಟು ದೊಡ್ಡ ಕೆಲಸಕ್ಕೆ ದೇವರನ್ನು ಕರೆಯದೆ ಬಿಡುವುದು ಹೇಗೆ? ಪೊಟ್ಟಣ ಬಿಚ್ಚಿ, ಏಳುಕೋಟಿ ಎಂದು ಮೈಲಾರನನ್ನು ಮನಸ್ಸಿನಲ್ಲೇ ಕೂಗಿ, ತೊಟ್ಟಿಗೆ ಹಾಕಿದೆ. ಚಿಟಿಕೆ ಸಾಕಿತ್ತು. ನಾನು ಮುಷ್ಟಿ ತುಂಬ ಹಾಕಿದೆ, ಬೇಡಿಕೆ ದೊಡ್ಡದಿತ್ತಲ್ಲ.

ನೀರಿನಲ್ಲಿ ಅರಿಶಿನ ತಳಕ್ಕೆ ಕೂರುತ್ತದೆ ಎಂಬುದು ನನ್ನ ಅಡಿಗೆಮನೆಯ ತಿಳಿವಳಿಕೆ. ಗ್ಲೈಕಾಲದಲ್ಲಿ ಅದು ಕರಗುತ್ತದೆ. ಬೆಳಿಗ್ಗೆ ಎಮಿಲ್ ಕೆಳಗಿಳಿದಾಗ ತೊಟ್ಟಿಯೆಲ್ಲ ಮದುವೆ ಮನೆಯ ಅರಿಶಿನದ ಹಂಡೆಯಾಗಿತ್ತು. ಆಟಗಾರರಿಗಾಗಿ ಆರಿಸಿ ಆರಿಸಿ ತಂದ ಅವನ ಬಿಳಿ ಮೇಪಲ್ ಅದರೊಳಗೆ ಮಲಗಿತ್ತು. ಅವನು ಬೆರಳದ್ದಿ ಮೂಸಿ ನೋಡಿದ. ಪೀಟರ್ ನನ್ನ ಕಡೆ ತಿರುಗಿ, “ಮಾವಶಿ, ಏನರ ಹಾಕಿರೇನ್ರಿ?” ಎಂದ. ನಾನು ಹೇಳಿದೆ. ಮುದುಕನ ತುತ್ತಿನ ಮೇಲೆ ಮಣ್ಣು ಹಾಕಿದಂತಾಗಿತ್ತು.

ಎಮಿಲ್ ಬೈಯಲಿಲ್ಲ. ಮೇಲೆ ಹೋಗಿ, ಕೋಟು ಹಾಕಿಕೊಂಡು, ಅಂಗಳದಲ್ಲಿ ಉದುರಿದ ಕೆಂಪು ಎಲೆಗಳನ್ನು ಗುಡಿಸತೊಡಗಿದ. ತನ್ನ ಅಂಗಳ ಮುಗಿದ ಮೇಲೆ ಪಕ್ಕದ ಮನೆಯದನ್ನೂ ಗುಡಿಸಿದ. ಸಿಟ್ಟು ಬಂದರೆ ಗುಡಿಸುತ್ತಾನೆ ಎಂದು ಪೀಟರ್ ಹೇಳಿದ. ಸಂಜೆಯ ಹೊತ್ತಿಗೆ ಓಣಿಯೆಲ್ಲ ಸ್ವಚ್ಛವಾಗಿತ್ತು.

ಹೇಗೂ ಕೆಟ್ಟಿದೆ, ಪೂರ್ತಿ ನೆನೆಯಲಿ ಎಂದು ಅವನು ತೊಟ್ಟಿ ಖಾಲಿ ಮಾಡಲಿಲ್ಲ. ನಾನು ಇರುವಷ್ಟು ವಾರ ಅವನಿಗೆ ಬಿಸಿ ಅಡಿಗೆ ಮಾಡಿ ಹಾಕಿದೆ. ಕಡಲೆಹಿಟ್ಟಿನ ಝುಣಕ ಅವನಿಗೆ ಸೇರಿತು. ಶೇಂಗಾ ಚಟ್ನಿಯನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುತ್ತಿದ್ದ. ನಾವಿಬ್ಬರೂ ಮಾತಿಲ್ಲದೆ ಎದುರು ಬದುರು ಕೂತು ಉಣ್ಣುತ್ತಿದ್ದೆವು. ಗಂಡಸಿಗೆ ಬಡಿಸಿ, ಅವನು ಉಂಡದ್ದನ್ನು ನೋಡುವುದು ನನಗೆ ಮರೆತೇ ಹೋಗಿತ್ತು. ಒಮ್ಮೊಮ್ಮೆ ಒಲೆಯ ಕಡೆ ಮುಖ ಮಾಡಿ ಕಣ್ಣು ಒರೆಸಿಕೊಳ್ಳುತ್ತಿದ್ದೆ.

ತುಂಡುಗಳನ್ನು ಹೊರಗೆ ತೆಗೆಯುವ ದಿನ ಬಂತು. ಎಮಿಲ್ ಹಳದಿಯಾದ ಒಂದು ಮೇಪಲ್ ತುಂಡನ್ನು ತುದಿಯಲ್ಲಿ ಗರಗಸದಿಂದ ಕೊಯ್ದ. ಕೊಯ್ದ ಬಿಲ್ಲೆಯನ್ನು ಬೆಳಕಿಗೆ ಹಿಡಿದವನು ಹಿಡಿದೇ ನಿಂತ. ಇನ್ನೊಂದನ್ನು ಕೊಯ್ದ, ಮತ್ತೊಂದನ್ನು ಕೊಯ್ದ. ಒಂದರಲ್ಲಿ ಹಳದಿ ನಡುವಿನವರೆಗೂ ಹೋಗಿತ್ತು. ಇನ್ನೊಂದರಲ್ಲಿ ನಡುವೆ ಕಾಸಿನಗಲ ಬಿಳಿ ಉಳಿದಿತ್ತು. ರಸಾಯನ ಎಷ್ಟು ಒಳಗೆ ಹೋಗಿದೆ ಎಂದು ಇಷ್ಟು ವರ್ಷ ಅವನು ಅಂದಾಜಿನ ಮೇಲೇ ನಡೆದಿದ್ದನಂತೆ. ಬಣ್ಣವಿಲ್ಲದ ವಸ್ತು ಕಣ್ಣಿಗೆ ಕಾಣುವುದು ಹೇಗೆ? ಅರಿಶಿನ ಅದರ ಜೊತೆ ಹೋಗಿ ದಾರಿ ತೋರಿಸಿತ್ತು. ಬಿಲ್ಲೆಗಳನ್ನು ಕಿಟಕಿಯಲ್ಲಿ ಸಾಲಾಗಿ ಇಟ್ಟ. ಅವನು ನಕ್ಕದ್ದನ್ನು ನಾನು ಅಂದೇ ನೋಡಿದ್ದು.

ನನಗೂ ಸಮಾಧಾನವಾಯಿತು. ಆದರೆ ಆಮೇಲೆ ಮೂವರೂ ತೊಟ್ಟಿಯ ಕಡೆ ತಿರುಗಿದೆವು. ನಮ್ಮ ಕೋಲು ತೊಟ್ಟಿಯ ಅಂಚಿಗೆ ಒರಗಿತ್ತು. ಎಮಿಲ್ ಬಿಸಿನೀರಿನ ಬಟ್ಟೆಯಿಂದ ಅದರ ಮೈ ಒರೆಸಿ ಇಟ್ಟಿದ್ದ. ಗೆರೆಗಳೆಲ್ಲ ಹಾಗೇ ಇದ್ದವು. ಹೊರಗಿನಿಂದ ಮೇಪಲ್ಲಿಗಿಂತ ಚೆಂದ ಹಳದಿ. ಎಮಿಲ್ ಗರಗಸ ಕೆಳಗಿಟ್ಟ.

“ಕೊಯ್ಯೂದು ಬ್ಯಾಡ ಅಂತಾನ ಅಪ್ಪ,” ಎಂದ ಪೀಟರ್. “ಹಂಗೇ ಒಯ್ರಿ ಮಾವಶಿ. ನೋಡಿ ಏನ ಮಾಡೂದೈತಿ?”

ಹೌದು, ನೋಡದೆ ಒಯ್ದಿದ್ದರೆ ಇಳಿದಿದೆ ಎಂದು ನಂಬಿಕೊಂಡು ಇರಬಹುದಿತ್ತು. ಆದರೆ ನಮ್ಮವರು ಉರುಳಿಸಿ ನೋಡದೆ ಒಂದು ಕೋಲನ್ನೂ ನಂಬಿದವರಲ್ಲ. “ಕೊಯ್ಯಿರಿ,” ಎಂದೆ.

ಎಮಿಲ್ ತುದಿಯಿಂದ ತೆಳ್ಳಗೆ ಒಂದು ಬಿಲ್ಲೆ ಕೊಯ್ದು ನನ್ನ ಅಂಗೈಯಲ್ಲಿ ಇಟ್ಟ. ಸುತ್ತಲೂ ನೂಲಿನೆಳೆಯಷ್ಟು ಹಳದಿ. ಒಳಗೆಲ್ಲ ಧಾಮಣ ಮೊದಲಿನ ಹಾಗೇ, ಒಣಗಿದ್ದು ಒಣಗಿದಂತೆಯೇ. ದೇವರು ಬಂದಿದ್ದ, ಹೊಸ್ತಿಲಲ್ಲಿ ನಿಂತು ಹೋಗಿದ್ದ. ನಾನು ಆ ಬಿಲ್ಲೆಯನ್ನು ಮುಚ್ಚಿ ಹಿಡಿದು ಮೆಟ್ಟಿಲ ಮೇಲೆ ಕೂತೆ. ಅವರು ಹೋಗಿದ್ದಾರೆ, ಅವರ ಜಾಗದಲ್ಲಿ ಕೂರುವಂಥದ್ದು ಯಾವುದೂ ಇಲ್ಲ ಎಂದು ಮಕ್ಕಳು ಹೇಳಿದ್ದರು, ಮಠದ ಸ್ವಾಮಿಗಳು ಹೇಳಿದ್ದರು. ನಾನು ಒಪ್ಪಿದ್ದು ಆ ಮೆಟ್ಟಿಲ ಮೇಲೆ.

ಸ್ವಲ್ಪ ಹೊತ್ತಾದ ಮೇಲೆ ಎಮಿಲ್ ಬಂದು ಬಿಲ್ಲೆ ಕೇಳಿದ, ತನ್ನ ಕಿಟಕಿಯಲ್ಲಿ ಇಡಲು. ಅದರ ಮೇಲೆ ಬರೆಯಲು ಕೆಲಸಗಾರನ ಹೆಸರು ಕೇಳಿದ. ನನ್ನ ಬಾಯಿಗೆ ಬರಲಿಲ್ಲ. ಪೀಟರ್ ಹೇಳಿದ. ಎಮಿಲ್ ಅದನ್ನು ತನ್ನ ನಾಲಿಗೆಯಲ್ಲಿ ಒಮ್ಮೆ ಹೇಳಿ ನೋಡಿ, ಪೆನ್ಸಿಲ್ ತೆಗೆದುಕೊಂಡ. ಊರಿನಲ್ಲಿ ಅವರು ಈಗ ಎಲ್ಲರ ಬಾಯಲ್ಲಿ ‘ತೀರಿಕೊಂಡವರು’ ಆಗಿದ್ದರು. ಅವರ ಹೆಸರು ನನ್ನ ಕಿವಿಗೆ ಬಿದ್ದು ಎಷ್ಟೋ ತಿಂಗಳಾಗಿತ್ತು.

ಬಸ್ಸಿನ ನಿಲ್ದಾಣ

ಹೊರಡುವ ಹಿಂದಿನ ದಿನ ಎಮಿಲ್ ಪೀಟರನ ಬಾಯಿಂದ ಒಂದು ಮಾತು ಹೇಳಿಸಿದ. ಕಟ್ಟಿಗೆ ಡೊಂಕಾಗುವುದು ಹವೆ ಬದಲಾಗುವುದರಿಂದ. ಈ ನೆಲಮಾಳಿಗೆಯಲ್ಲಿ ಚಳಿಗಾಲ ಬೇಸಿಗೆ ಎರಡೂ ಒಂದೇ. ಇಷ್ಟು ವಾರ ಇಲ್ಲಿದ್ದು ಕೋಲು ತಾನಾಗಿ ಸ್ವಲ್ಪ ನೆಟ್ಟಗಾಗಿದೆ. ಇಲ್ಲೇ ಗೋಡೆಗೆ ತೂಗುಹಾಕಿದರೆ ತಾನಿರುವವರೆಗೆ, ಆಮೇಲೆ ಪೀಟರ್ ಇರುವವರೆಗೆ, ಅದು ನೆಟ್ಟಗೆ ಇರುತ್ತದೆ. ಊರಿಗೆ ಒಯ್ದರೆ ಬೇಸಿಗೆಯಲ್ಲಿ ಬಗ್ಗುತ್ತದೆ.

ಅವನು ಮೇಜಿನ ಮೇಲೆ ಉರುಳಿಸಿ ತೋರಿಸಿದ. ಸದ್ದಿಲ್ಲದೆ ಉರುಳಿತು. ನಾನು ಬಂದದ್ದೇ ಇದಕ್ಕೆ. ಬಿಟ್ಟು ಹೋಗುತ್ತೇನೆ ಎಂದೆ. ನಿಜವಾಗಿ ಅದೇ ಸರಿ ಎಂದುಕೊಂಡಿದ್ದೆ. ಮಕ್ಕಳನ್ನು ಒಳ್ಳೆಯ ಹವೆಯ ಊರಿನಲ್ಲಿ ಬಿಡುವವರಿಲ್ಲವೇ?

ಮರುದಿನ ಮೊದಲ ಹಿಮ ಬಿದ್ದಿತ್ತು. ಪೀಟರ್ ನನ್ನನ್ನು ಬಸ್ಸಿನ ನಿಲ್ದಾಣಕ್ಕೆ ಕರೆದೊಯ್ದ. ಅಲ್ಲಿಯ ಬಸ್ಸು ಅಕ್ಕಲಕೋಟದ ಬಸ್ಸಿನಂತಲ್ಲ. ಕಿಟಕಿಯಿಂದ ಟವೆಲ್ ಎಸೆದು ಜಾಗ ಹಿಡಿಯುವ ತ್ರಾಸವಿಲ್ಲ, ಮೇಲೆ ಕೋಳಿಯ ಬುಟ್ಟಿಯಿಲ್ಲ. ಬೆಂಚಿನ ಮೇಲೆ ಕೂತೆ. ಸೊಲ್ಲಾಪುರ ಬಿಟ್ಟಾಗಿನಿಂದ ರೈಲಿನಲ್ಲಿ, ವಿಮಾನದಲ್ಲಿ, ಎಲ್ಲ ಕಡೆ ಕೋಲನ್ನು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡೇ ಕೂತವಳು. ಈಗ ಕೈಗಳನ್ನು ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ. ಮಡಿಲಲ್ಲಿ ಇಟ್ಟೆ, ಚೀಲದ ಮೇಲೆ ಇಟ್ಟೆ, ಸೆರಗಿನಲ್ಲಿ ಸುತ್ತಿದೆ.

“ಪೀಟರಪ್ಪ,” ಎಂದೆ, “ಗಾಡಿ ತಿರುಗಿಸೋ. ಬಗ್ಗಿದ್ರ ನಮ್ಮ ಮನ್ಯಾಗ ಬಗ್ಗಲಿ.”

ಅವನು ಬಸ್ಸಿನ ಕಡೆ ನೋಡಿದ, ನನ್ನ ಕಡೆ ನೋಡಿದ, ಕೀಲಿಕೈ ತೆಗೆದ. ಮನೆಯ ಬಾಗಿಲು ತೆರೆದೇ ಇತ್ತು. ಎಮಿಲ್ ಅಡಿಗೆಮನೆಯಲ್ಲಿ ಕೂತಿದ್ದ. ಕೋಲು ಕೆಳಗೆ ಗೋಡೆಗೆ ಹೋಗಿರಲಿಲ್ಲ, ಅವನ ಮುಂದೆ ಮೇಜಿನ ಮೇಲಿತ್ತು. ದಪ್ಪನೆಯ ಬಟ್ಟೆಯಲ್ಲಿ ಸುತ್ತಿ, ಎರಡೂ ಕಡೆ ದಾರ ಕಟ್ಟಿ, ಪ್ರಯಾಣಕ್ಕೆ ತಯಾರು ಮಾಡಿ ಇಟ್ಟಿದ್ದ. ನನ್ನ ಕೈಗೆ ಕೊಟ್ಟು ಟೋಪಿ ತೆಗೆದ. ಆ ಬಸ್ಸು ತಪ್ಪಿತು, ಮುಂದಿನ ಬಸ್ಸು ಬರುವವರೆಗೆ ಅವನಿಗೆ ರೊಟ್ಟಿ ಬಡಿದು ಕೊಟ್ಟೆ.

ಮತ್ತೆ ಸೊಲ್ಲಾಪುರ

ಮಕ್ಕಳು ಕೋಲಿನ ಬಣ್ಣ ನೋಡಿ, ಅಮೆರಿಕದವರು ಪಾಲಿಶ್ ಚೆನ್ನಾಗಿ ಮಾಡಿದ್ದಾರೆ ಎಂದರು. ನಾನು ಹೌದೆಂದೆ. ಪೀಟರ್ ಬರೆಯುತ್ತಾನೆ, ಎಮಿಲ್ ಈಗ ಪ್ರತಿ ತೊಟ್ಟಿಗೂ ಒಂದು ಕೆಟ್ಟ ತುಂಡನ್ನು ಬೇರೆ ಇಟ್ಟು, ಅರಿಶಿನ ಹಾಕಿ ನೋಡುತ್ತಾನಂತೆ. ಅರಿಶಿನ ಮುಗಿದಿದೆ, ಕಳಿಸು ಎಂದಿದ್ದಾನೆ. ಅಡಿಗೆಯ ಅರಿಶಿನ ಸಾಕು, ಆದರೂ ಭಂಡಾರವನ್ನೇ ಕಳಿಸಿದ್ದೇನೆ.

ಚಳಿಗಾಲದಲ್ಲಿ ಕೋಲು ಸುಮ್ಮನಿತ್ತು. ಹೋಳಿ ಮುಗಿದು ಬಿಸಿಲು ಏರಿತು. ಬಾವಿಯ ನೀರು ಇಳಿಯಿತು, ಬಾಗಿಲುಗಳು ಒಣಗಿ ಬಿರಿದವು. ಒಂದು ಮಧ್ಯಾಹ್ನ ಗೂಟದಿಂದ ತೆಗೆದು ಫರಶಿಯ ಮೇಲೆ ಇಟ್ಟೆ. ಉಗುರಿನಿಂದ ಒಮ್ಮೆ ಉದ್ದಕ್ಕೂ ಎಳೆದೆ. ಮೊದಲನೆಯ ಕೆಮ್ಮು ಇತ್ತು, ಎರಡನೆಯದೂ ಇತ್ತು. ಕೈ ಬಿಟ್ಟು ಉರುಳಿಸಿದೆ.

ಟಕ್ ಎಂದಿತು. ಹೋದ ವರ್ಷದ ಹಾಗೆ ಸಣ್ಣಗಲ್ಲ, ಗೋಡೆ ದಾಟುವಷ್ಟು. ಮತ್ತೆ ಟಕ್, ಮತ್ತೆ ಟಕ್, ಪಡಸಾಲೆಯ ಆ ತುದಿಯವರೆಗೆ.

ಗೋಡೆಯಾಚೆ ಗಂಗಕ್ಕನ ಹಾಸಿಗೆ ಸರಿದ ಸದ್ದಾಯಿತು. “ಏನ್ ಸಪ್ಪಳಾರಿ ಅದು?” ಎಂದಳು ನಿದ್ದೆಗಣ್ಣಿನಲ್ಲಿ.

“ನಮ್ಮನಿಯವ್ರು ಕಟಗಿ ನೋಡಾಕತ್ತಾರ್ರಿ,” ಎಂದೆ.

ನಾನು ಎದ್ದು ಹೋಗಿ ಕೋಲನ್ನು ಈ ತುದಿಗೆ ತಂದು ಇನ್ನೊಮ್ಮೆ ಉರುಳಿಸಿದೆ.